ಎರಡನೆಯ ಅರ್ಥ

ಮಾರ್ಚ್ ೧೯, ಭಾನುವಾರ

ಪ್ರೀತಿಯ ಪುಟ್ಟನಿಗೆ,

ನಿನ್ನ ಮೂರು ಪತ್ರಗಳೂ ಕೈಸೇರಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿರುವ ಅಕ್ಕನನ್ನು ಬೈಯಬೇಕು ಅನ್ನಿಸಿದರೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಐವತ್ತೆರಡು ದಾಟಿದ ಗಂಡಸನ್ನು ಇನ್ನೂ ಪುಟ್ಟ ಎಂದು ಕರೆಯುವುದು ಚೆನ್ನಾಗಿಲ್ಲ ಎಂದು ನಿನ್ನ ಹೆಂಡತಿ ಕೊನೆಯ ಪತ್ರದ ಅಂಚಿನಲ್ಲಿ ಗೀಚಿದ್ದಾಳೆ. ಅವಳಿಗೆ ಹೇಳು, ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಮಂಡಿನೋವು ಇಟ್ಟುಕೊಂಡು ಲಿಫ್ಟು ರಿಪೇರಿಗೆಂದು ಅದರ ಹಳ್ಳಕ್ಕೆ ಇಳಿಯುವುದನ್ನು ಇನ್ನಾದರೂ ಬಿಡು. ಮೇಲೆ ನಿಂತು ಬಾಯಲ್ಲಿ ಹೇಳಿ ಮಾಡಿಸುವ ವಯಸ್ಸು ನಿನಗೆ ಬಂದಾಯಿತು.

ನಾನು ಚೆನ್ನಾಗಿಯೇ ಇದ್ದೇನೆ. ಕನ್ನಡಕದ ನಂಬರು ಮತ್ತೆ ಏರಿದೆ. ಕೆಳಗಿನ ಮನೆಯವರ ಮಗಳು ತುತ್ತೂರಿ ಕಲಿಯಲು ಹೊರಟಿದ್ದಾಳೆ. ದಿನಾ ಸಂಜೆ ಆರಕ್ಕೆ ಎಮ್ಮೆ ಅರಚಿದ ಹಾಗೆ ಶುರುವಾಗುತ್ತದೆ. ಇವೆಲ್ಲ ಬರೆಯಲು ಐದು ತಿಂಗಳು ಬೇಕಾಗಿರಲಿಲ್ಲ, ನನಗೂ ಗೊತ್ತು. ನಿಜ ಹೇಳುತ್ತೇನೆ. ಬರೆಯಲು ಕೂತಾಗಲೆಲ್ಲ ಅಸಹ್ಯವಾಗುತ್ತಿತ್ತು. ಕಾಗದದ ಮೇಲಲ್ಲ, ಪೆನ್ನು ಹಿಡಿದ ಕೈಯ ಮೇಲೆ. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದು, ಮತ್ತೆ ಕೂತು, ಮತ್ತೆ ಎದ್ದುಹೋಗುತ್ತಿದ್ದೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಕೌಟುಂಬಿಕ ನ್ಯಾಯಾಲಯದ ಅನುವಾದ ವಿಭಾಗ: ನಾಲ್ಕು ಮೇಜು, ಎರಡು ಬೀರು, ಕಿಟಕಿಯ ಪಕ್ಕ ಒಂದು ಮರದ ಪೀಠ, ಪೀಠದ ಮೇಲೆ ಬೆನ್ನಿಗೆ ಟೇಪು ಸುತ್ತಿಸಿಕೊಂಡ ಇಂಗ್ಲಿಷ್ ನಿಘಂಟು. ಇಂಗ್ಲಿಷಿನಲ್ಲಿ ಬಂದ ಯಾವ ಕಾಗದವಾದರೂ ನಮ್ಮ ಮೇಜು ದಾಟಿ, ನಮ್ಮ ಭಾಷೆಗೆ ಬಂದು, ಕೆಳಗೆ ನಮ್ಮ ಸಹಿ ಬಿದ್ದಮೇಲೆಯೇ ಒಳಗೆ ಹೋಗಬೇಕು. ಇಪ್ಪತ್ತಾರು ವರ್ಷದಿಂದ ಜನರ ಜಗಳಗಳನ್ನು ಅನುವಾದ ಮಾಡುತ್ತಿದ್ದೇನೆ. ಗಂಡಹೆಂಡಿರು ಯಾವ ಯಾವ ಭಾಷೆಯಲ್ಲಿ ಉಗಿದುಕೊಳ್ಳುತ್ತಾರೆ ಎಂಬುದು ನನಗೆ ತಿಳಿದಷ್ಟು ಯಾರಿಗೂ ತಿಳಿದಿರಲಿಕ್ಕಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಹಿಂದಿನಿಂದ ಕೆಂಪುಶಾಯಿ ಎನ್ನುತ್ತೇವೆ. ಬೇರೆಯವರ ಬರಹ ಕಂಡರೆ ಅವರ ಕೈ ತುರಿಸುತ್ತದೆ. ಅಲ್ಪವಿರಾಮವನ್ನಾದರೂ ಹೊಡೆದುಹಾಕದಿದ್ದರೆ ಅವರಿಗೆ ಮಧ್ಯಾಹ್ನದ ಊಟ ಜೀರ್ಣವಾಗುವುದಿಲ್ಲ.

ಅಕ್ಟೋಬರಿನಲ್ಲಿ ಒಂದು ಕೇಸು ಬಂತು. ಹಲ್ಲಿನ ಸೆಟ್ಟು ಮಾಡುವವನೊಬ್ಬ, ಮೂವತ್ತೈದರ ಆಸುಪಾಸು. ಹೆಂಡತಿ ಕಾಯಿಲೆಯಾಗಿ ತೀರಿಕೊಂಡು ಆರು ತಿಂಗಳಾಗಿತ್ತು. ಆರು ವರ್ಷದ ಮಗಳು ಅವನ ಹತ್ತಿರ ಇದ್ದಳು. ಹೆಂಡತಿಯ ತಾಯಿತಂದೆ ಮೊಮ್ಮಗಳು ತಮಗೆ ಬೇಕು ಎಂದು ನ್ಯಾಯಾಲಯಕ್ಕೆ ಬಂದಿದ್ದರು. ಅವರು ಭಕ್ತರು, ಪ್ರಾರ್ಥನೆ ತಪ್ಪಿಸಿದವರಲ್ಲ. ಅಳಿಯ ಪ್ರಾರ್ಥನಾ ಮಂದಿರದ ಹೊಸ್ತಿಲನ್ನೇ ತುಳಿದವನಲ್ಲ. ಆದರೆ ಅಷ್ಟರಿಂದಲೇ ಯಾವ ನ್ಯಾಯಾಲಯವೂ ಮಗುವನ್ನು ಕಿತ್ತುಕೊಡುವುದಿಲ್ಲ ಎಂದು ಅವರ ವಕೀಲನಿಗೆ ಗೊತ್ತಿತ್ತು. ಅವನಿಗೆ ಬೇರೆ ಏನಾದರೂ ಬೇಕಿತ್ತು. ಸಿಕ್ಕಿತು.

ತೀರಿಕೊಂಡ ಹುಡುಗಿ ತನ್ನ ಶಾಲೆಯ ಗೆಳತಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದಳಂತೆ. ಸಾವಿನ ಸುದ್ದಿ ತಿಳಿದ ಗೆಳತಿ, ಇವು ತಾಯಿಯ ಹತ್ತಿರ ಇರಲಿ ಎಂದು ಆ ಪತ್ರಗಳನ್ನು ಕಟ್ಟಿ ಕಳಿಸಿದ್ದಳು. ತಾಯಿಗೆ ಇಂಗ್ಲಿಷ್ ಬಾರದು. ಮಗಳ ಅಕ್ಷರವನ್ನು ಮುಟ್ಟಿ ನೋಡುವುದಷ್ಟೇ ಆಕೆಗೆ ಬರುತ್ತಿದ್ದುದು. ಓದಿ ಹೇಳಿ ಎಂದು ಆಕೆ ವಕೀಲನ ಕೈಗೆ ಕೊಟ್ಟರೆ, ಅವನು ಓದಿ ಹೇಳಲಿಲ್ಲ, ಒಂದು ಹಾಳೆಯನ್ನು ಎತ್ತಿಟ್ಟುಕೊಂಡ. ಆ ಹಾಳೆಯಲ್ಲಿ ಎರಡು ವಾಕ್ಯಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, 'ಸಂಬಂಧಪಟ್ಟ ಭಾಗ ಮಾತ್ರ' ಎಂದು ಬರೆದು ನಮ್ಮ ವಿಭಾಗಕ್ಕೆ ಕಳಿಸಿದ. ಹಾಳೆ ನನ್ನ ಮೇಜಿಗೆ ಬಂತು.

ಆ ಎರಡು ವಾಕ್ಯ ಇಷ್ಟೆ: ನನ್ನ ಗಾಡ್‌ಲೆಸ್ ಗಂಡನಿರುವ ಮನೆಗೆ ವಾಪಸು ಬಂದೆ. ಅವನು ಬದಲಾಗುವುದಿಲ್ಲ, ನಾನೂ ಕೈಬಿಟ್ಟಿದ್ದೇನೆ.

ನಾನು ಗೆರೆಯ ಆಚೆಗೂ ಓದಿದೆ ಪುಟ್ಟ. ಅದನ್ನು ಮುಚ್ಚಿಡುವುದಿಲ್ಲ. ಪೂರ್ತಿ ಹಾಳೆ ಓದಿದೆ. ಆ ಭಾನುವಾರ ಅವಳು ಪ್ರಾರ್ಥನೆಗೆ ಹೋಗಿದ್ದಾಳೆ. ಮಗುವಿಗೆ ಜ್ವರ. ವಾಪಸು ಬಂದು ನೋಡಿದರೆ ಗಂಡ ನೆಲದ ಮೇಲೆ ಅಂಗಾತ ಮಲಗಿದ್ದಾನೆ, ಹೊಟ್ಟೆಯ ಮೇಲೆ ಮಗು ನಿದ್ದೆ ಹೋಗಿದೆ. ಎರಡು ಗಂಟೆಯಿಂದ ಅಲುಗಾಡಿಲ್ಲ. ಕಾಲು ಎರಡೂ ಜೋಮು ಹಿಡಿದು, ಆಮೇಲೆ ಎಬ್ಬಿಸಿ ನಿಲ್ಲಿಸಿದರೆ ದೊಪ್ಪನೆ ಬಿದ್ದನಂತೆ. 'ಹಾಡು ಬಾರದ ಮನುಷ್ಯ, ಮಗು ಮಲಗಲಿ ಅಂತ ಹಲ್ಲುಗಳ ಹೆಸರನ್ನೇ ರಾಗವಾಗಿ ಹೇಳುತ್ತಿದ್ದ ಕಣೆ. ನಾನು ಅಷ್ಟು ಹೊತ್ತು ಕಣ್ಣುಮುಚ್ಚಿ ಕೂತು ಬಂದೆ, ನಿಜವಾದ ಪ್ರಾರ್ಥನೆ ಇಲ್ಲಿ ನಡೆದಿತ್ತು' ಎಂದು ಬರೆದಿದ್ದಳು. ಗಾಡ್‌ಲೆಸ್ ಎಂಬುದನ್ನು ಅವಳು ನಾವು ಗಂಡನನ್ನು ಕತ್ತೆ, ಕೋತಿ ಎನ್ನುತ್ತೇವಲ್ಲ, ಹಾಗೆ ಬಳಸಿದ್ದಳು. ಆ ಪದದ ಬೆನ್ನ ಮೇಲೆ ಅವಳ ಕೈ ಇತ್ತು.

ನಾನು 'ದೇವರನ್ನು ನಂಬದ ನನ್ನ ಗಂಡ' ಎಂದು ಬರೆದು ಕೆಂಪುಶಾಯಿಯವರ ಮುಂದಿಟ್ಟೆ. ಅವರು ಓದುವ ಮೊದಲೇ ಪೆನ್ನಿನ ಮುಚ್ಚಳ ತೆಗೆದರು.

"ನಿಘಂಟು ನೋಡಿದ್ರಾ?"

"ನೋಡಿದೆ ಸರ್."

"ಎರಡನೇ ಅರ್ಥ?"

ಎರಡನೆಯ ಅರ್ಥ 'ದುಷ್ಟ, ನೀತಿಗೆಟ್ಟ' ಎಂದಿತ್ತು. ಯಾವ ಕಾಲದ ಯಾವ ಪಾದ್ರಿ ಯಾರನ್ನು ಬೈದು ಅದನ್ನು ಸೇರಿಸಿದನೋ. ದೇವರಿಲ್ಲದವನು ಅಂದಮೇಲೆ ಕೆಟ್ಟವನೇ ಇರಬೇಕು ಎಂದು ನೂರಾರು ವರ್ಷ ಜನ ಅಂದು ಅಂದು, ಕೊನೆಗೆ ಆ ಬೈಗುಳವೇ ಅರ್ಥವಾಗಿ ಪುಸ್ತಕದಲ್ಲಿ ಕೂತುಬಿಟ್ಟಿದೆ. ಜಂಬದಿಂದ, ಮೊದಲನೆಯ ಅರ್ಥದ ಪಕ್ಕದಲ್ಲೇ, ಒಂದು ಅರ್ಧವಿರಾಮದ ಅಂತರದಲ್ಲಿ.

"ಬರೀ ದೇವರನ್ನ ನಂಬಲ್ಲ ಅನ್ನೋಕೆ ಇಂಗ್ಲಿಷಲ್ಲಿ ಏಥೀಸ್ಟ್ ಅಂತ ನೆಟ್ಟಗಿರೋ ಪದ ಇದೆ ಕಣ್ರೀ," ಎಂದರು ಅವರು. "ಅದನ್ನ ಬಿಟ್ಟು ಇದನ್ನ ಹಾಕಿದಾಳೆ ಅಂದ್ರೆ ಏನರ್ಥ? ಬೈದಿದಾಳೆ ಅಂತ. ಮುಂದಿನ ವಾಕ್ಯ ನೋಡಿ, ಕೈಬಿಟ್ಟಿದೀನಿ ಅಂತಾಳೆ. ನಂಬದೇ ಇರೋದನ್ನ ಯಾರಾದ್ರೂ ಕೈಬಿಡ್ತಾರಾ? ಕೆಟ್ಟ ಚಾಳಿನ ತಿದ್ದೋಕಾಗ್ದೆ ಕೈಬಿಡೋದು."

"ಸರ್, ಹಾಳೆ ಪೂರ್ತಿ ಓದಿ. ಅವಳು ಮುದ್ದಿಗೆ ಹಾಗಂದಿದಾಳೆ. ಗಂಡನ್ನ ಕೋತಿ ಅಂದ್ರೆ ಅವನಿಗೆ ಬಾಲ ಇದೆ ಅಂತ ಅನುವಾದ ಮಾಡ್ತೀರಾ?"

"ನಗಿಸ್ಬೇಡಿ. ಗೆರೆ ಎಳೆದಿರೋದಷ್ಟೇ ನಮ್ಮ ಕೆಲಸ. ಮುದ್ದು ಗಿದ್ದು ಎಲ್ಲ ನಿಘಂಟಲ್ಲಿ ಬರಲ್ಲ."

ಹೀಗೆಂದು 'ದೇವರನ್ನು ನಂಬದ' ಎಂಬುದರ ಮೇಲೆ ಕೆಂಪು ಗೀಟು ಹಾಕಿ 'ನೀತಿಗೆಟ್ಟ' ಎಂದು ಬರೆದರು. ಕೆಳಗೆ ಅನುವಾದಕಿಯ ಸಹಿಯ ಜಾಗ ಖಾಲಿ ಇತ್ತು. ಅವರ ಮೇಜಿನ ಮೇಲೆ ನನ್ನ ರಜೆಯ ಅರ್ಜಿ ಹದಿನೈದು ದಿನದಿಂದ ಬಿದ್ದಿತ್ತು. ನಾಲ್ಕು ದಿನದ ರಜೆ, ಹಳೆಯ ಗೆಳತಿಯರ ಜೊತೆ ಸರೋವರದ ಕಡೆ ಹೋಗುವುದಕ್ಕೆ. ನನ್ನ ಕಣ್ಣ ಮುಂದೆಯೇ ಅದನ್ನು ಎಳೆದುಕೊಂಡು ಸಹಿ ಹಾಕಿ, ಅನುವಾದದ ಹಾಳೆಯ ಮೇಲಿಟ್ಟು, ಎರಡನ್ನೂ ಒಟ್ಟಿಗೆ ನನ್ನ ಕಡೆ ತಳ್ಳಿದರು.

ನಾನು ಸಹಿ ಹಾಕಿದೆ. ಸರೋವರಕ್ಕೂ ಹೋಗಿಬಂದೆ. ದೋಣಿಯಲ್ಲಿ ಕೂತು ನಗುತ್ತಿರುವ ಒಂದು ಫೋಟೋ ಇದೆ. ಅದನ್ನು ಮಗುಚಿ ಬೀರುವಿನ ತಳಕ್ಕೆ ಹಾಕಿದ್ದೇನೆ.

ವಿಚಾರಣೆಯ ದಿನ ಅನುವಾದ ಓದಿ ಹೇಳಲು ನಾನೇ ಹೋಗಬೇಕಾಯಿತು. ಹಲ್ಲಿನವನನ್ನು ಅವತ್ತೇ ಮೊದಲು ನೋಡಿದ್ದು. ಒಗೆದು ಒಗೆದು ತೆಳುವಾದ ಅಂಗಿ, ಉಗುರಿನ ಸಂದಿಯಲ್ಲಿ ಒಸಡಿನ ಬಣ್ಣದ ಮೇಣ. ನಾನು ಓದಿದೆ: ನನ್ನ ನೀತಿಗೆಟ್ಟ ಗಂಡನಿರುವ ಮನೆಗೆ ವಾಪಸು ಬಂದೆ, ಅವನು ಬದಲಾಗುವುದಿಲ್ಲ, ನಾನೂ ಕೈಬಿಟ್ಟಿದ್ದೇನೆ. ಓದಿ ಮುಗಿಸಿ ತಲೆ ಎತ್ತಿದರೆ ಅವನು ನನ್ನನ್ನೇ ನೋಡುತ್ತಿದ್ದ. ವಕೀಲನನ್ನಲ್ಲ, ಜಡ್ಜಮ್ಮನನ್ನಲ್ಲ.

"ಅವಳೇ ಬರೆದಿದ್ದಾ ಅಮ್ಮಾ?" ಎಂದ.

ನಾನು ಹಾಳೆ ಎತ್ತಿ ತೋರಿಸಿದೆ. ಅವನಿಗೂ ಇಂಗ್ಲಿಷ್ ಬಾರದು. ಅಕ್ಷರ ಅವಳದೇ ಎಂಬುದಷ್ಟು ಕಂಡಿತು.

ಜಡ್ಜಮ್ಮ ಕೇಳಿದರು, "ಇದಕ್ಕೆ ನಿಮ್ಮ ಉತ್ತರ ಏನು?"

ಅವನು ಹಾಳೆಯ ಮೇಲಿನ ಅಕ್ಷರವನ್ನೇ ಮತ್ತೆ ನೋಡಿದ. ಆಮೇಲೆ, "ಅವಳು ಬರೆದಿದ್ರೆ ನಿಜಾನೇ ಇರ್ಬೇಕು," ಎಂದ. "ಅವಳು ಸುಳ್ಳು ಹೇಳೋಳಲ್ಲ. ನನಗೇ ಗೊತ್ತಾಗಿಲ್ಲ, ಅಷ್ಟೆ."

ಪುಟ್ಟ, ನಾನು ಅಲ್ಲೇ ಎದ್ದು ನಿಂತು ಕೂಗಬೇಕಿತ್ತು. ಕೂಗಲಿಲ್ಲ. ಕಡತ ಕಟ್ಟಿಕೊಂಡು, ಬಾಗಿಲಲ್ಲಿ ಎದುರಾದವರಿಗೆ ದಾರಿ ಬಿಟ್ಟು, ನನ್ನ ಮೇಜಿಗೆ ಬಂದು, ಡಬ್ಬಿ ತೆಗೆದು ಊಟ ಮಾಡಿದೆ. ಕೇಸು ಮುಗಿಯುವವರೆಗೆ ಮಗು ಅಜ್ಜಿಯ ಮನೆಯಲ್ಲಿರಲಿ ಎಂದು ಸಂಜೆಯ ಹೊತ್ತಿಗೆ ಆದೇಶವಾಯಿತು.

ಮೂರು ವಾರ ಹೀಗೇ ಕಳೆಯಿತು. ಕೆಂಪುಶಾಯಿಯವರ ಚಹಾ ಹೀರುವ ಸದ್ದು ಕೇಳಿದರೂ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ನಾಲ್ಕನೆಯ ವಾರ ಒಂದು ಮಧ್ಯಾಹ್ನ, ಕಡತದಿಂದ ಆ ಹಾಳೆಯ ನಕಲು ಮಾಡಿಸಿಕೊಂಡು ಅವನ ಕೆಲಸದ ಕೋಣೆ ಹುಡುಕಿಕೊಂಡು ಹೋದೆ. ಕಪಾಟಿನ ತುಂಬ ಸುಣ್ಣದಚ್ಚಿನ ದವಡೆಗಳು, ಪ್ರತಿಯೊಂದರ ಕೆಳಗೂ ಊರಿನ ಯಾರದೋ ಹೆಸರು. ಅವನು ಒಂದು ಕೋರೆಹಲ್ಲನ್ನು ಉಜ್ಜುತ್ತ ಕೂತಿದ್ದ. ಕೂರಿ ಎನ್ನಲಿಲ್ಲ. ನಾನು ನಿಂತೇ ಪೂರ್ತಿ ಹಾಳೆಯನ್ನು ಅವನಿಗೆ ನಮ್ಮ ಭಾಷೆಯಲ್ಲಿ ಹೇಳಿದೆ.

"ಇನ್ನೊಂದ್ಸಲ ಹೇಳಿ," ಎಂದ.

ಇನ್ನೊಮ್ಮೆ ಹೇಳಿದೆ.

"ಕಾಲು ಜೋಮು ಹಿಡಿದಿದ್ದೂ ಬರೆದಿದಾಳಾ?"

"ಬರೆದಿದಾಳೆ. ಎಬ್ಬಿಸಿ ನಿಲ್ಲಿಸಿದ್ರೆ ಬಿದ್ರಂತೆ."

"ಬಿದ್ದೆ," ಎಂದು ನಕ್ಕ. ನಗುತ್ತ ನಗುತ್ತಲೇ ಅವನ ಮುಖ ಕಿವುಚಿಹೋಯಿತು. ಉಜ್ಜುತ್ತಿದ್ದ ಹಲ್ಲನ್ನು ಮೇಜಿನ ಮೇಲಿಟ್ಟು, ಮೊಣಕೈಯಿಂದ ಕಣ್ಣೊರೆಸಿಕೊಂಡು, ನನ್ನನ್ನು ನೋಡಿದ. "ನಿಮಗೆ ಇದೆಲ್ಲ ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ವಾರ ಸುಮ್ನಿದ್ರಾ?"

"ಇದ್ದೆ."

"ನಾನು ಮೂರು ವಾರದಿಂದ ಏನ್ ಮಾಡ್ತಿದೀನಿ ಗೊತ್ತಾ? ನಾನು ಏನ್ ನೀತಿ ಕೆಟ್ಟೆ ಅಂತ ಹುಡುಕ್ತಿದೀನಿ. ಒಂದೊಂದು ದಿನಾನೂ ತೆಗೆದು ನೋಡ್ತಿದೀನಿ. ಆಸ್ಪತ್ರೇಲಿ ಒಂದಿನ ಅವಳ ಮೇಲೆ ರೇಗಿದ್ದೆ, ಅದೇ ಇರ್ಬೇಕು ಅನ್ಕೊಂಡಿದ್ದೆ." ಆಮೇಲೆ ಬಾಗಿಲ ಕಡೆ ಕೈ ತೋರಿಸಿದ. "ಹೋಗಿ ಅಮ್ಮಾ. ಹೋಗಿ ಅಲ್ಲಿ ಹೇಳಿ. ಇಲ್ಲಿ ಹೇಳಿ ಏನುಪಯೋಗ?"

ನಾನು ಹೇಳಿದೆ. ಅನುವಾದ ತಪ್ಪು, ತಪ್ಪೆಂದು ತಿಳಿದೂ ಸಹಿ ಹಾಕಿದ್ದೇನೆ ಎಂದು ಬರೆದುಕೊಟ್ಟೆ. ಕೆಂಪುಶಾಯಿಯವರು ನನ್ನನ್ನು ಒಳಗೆ ಕರೆದು, "ಇನ್ನೆರಡು ವರ್ಷಕ್ಕೆ ನಿವೃತ್ತಿ, ಈಗ ಯಾಕಮ್ಮ ಈ ಉಸಾಬರಿ?" ಎಂದು ಅತ್ಯಂತ ಮೆಲುದನಿಯಲ್ಲಿ ಕೇಳಿದರು. ಅವರ ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಆ ಮೆಲುದನಿ ಮಾತ್ರ ಮೈಮೇಲೆ ಹಲ್ಲಿ ಬಿದ್ದಂತೆ. ತಮ್ಮ ಹೇಳಿಕೆಯಲ್ಲಿ ಅವರು ಬರೆದದ್ದು ಒಂದೇ ಸಾಲು: ನಿಘಂಟಿನಲ್ಲಿ ಇಲ್ಲದ್ದನ್ನು ನಾವು ಬರೆದಿಲ್ಲ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಈಗಲೂ ಅವರು ಅದೇ ಕುರ್ಚಿಯಲ್ಲಿ ಕೂತು ಅಲ್ಪವಿರಾಮ ಹೊಡೆಯುತ್ತಿದ್ದಾರೆ. ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ನನ್ನ ಸಹಿಗೆ ಈಗ ಬೆಲೆಯಿಲ್ಲ.

ಮರುವಿಚಾರಣೆ ಫೆಬ್ರವರಿಯವರೆಗೆ ಎಳೆಯಿತು. ಅವತ್ತು ಜಡ್ಜಮ್ಮ ಮೂಲ ಹಾಳೆಯನ್ನು ತರಿಸಿ ತಾವೇ ಓದಿದರು. ಎರಡು ನಿಮಿಷ ಹಿಡಿಯಿತು. ಆಕೆಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ, ಪುಟ್ಟ. ಆ ಹಾಳೆ ಅಕ್ಟೋಬರಿನಿಂದ ಆಕೆಯ ಕಡತದಲ್ಲೇ ಇತ್ತು. ಅನುವಾದ ಲಗತ್ತಾಗಿದ್ದರಿಂದ ಮೂಲ ಓದುವ ಅಗತ್ಯ ಬಿದ್ದಿರಲಿಲ್ಲವಂತೆ. ವಕೀಲ ಮಾತ್ರ ಸ್ವಲ್ಪವೂ ಅಳುಕಲಿಲ್ಲ. ಹೊರಗೆ ಬಂದು ಕೈಕುಲುಕಲು ನನ್ನ ಮುಂದೆ ಕೈ ಚಾಚಿ, "ಒಳ್ಳೇ ಕೆಲಸ ಮಾಡಿದ್ರಿ ಮೇಡಂ," ಎಂದ. ಬೆವೆತ, ಮೆತ್ತನೆಯ ಕೈ. ನಾನು ಚೀಲವನ್ನು ಎದೆಗವುಚಿಕೊಂಡು ನಿಂತೆ.

ಮಗು ತಂದೆಗೆ ಸಿಕ್ಕಿತು. ಅಷ್ಟಾದರೂ ಆಯಿತು ಎನ್ನುತ್ತೀಯೇನೋ. ಹೊರಗಿನ ಮೊಗಸಾಲೆಯಲ್ಲಿ ಅಜ್ಜಿ ಅವಳ ಕೈಹಿಡಿದು ಕರೆತಂದರು. ಹಲ್ಲಿನವನು ಮಂಡಿಯೂರಿ ಕೂತು ಎರಡೂ ಕೈ ಚಾಚಿದ. ಹುಡುಗಿ ಓಡಿ ಬರಲಿಲ್ಲ. ನಾಲ್ಕು ಹೆಜ್ಜೆ ಬಂದು ನಿಂತು ಕೇಳಿದಳು, "ಅಪ್ಪಾ, ನೀತಿಗೆಟ್ಟವನು ಅಂದ್ರೇನು? ನೀನು ಅದಂತೆ. ಅಮ್ಮ ಹೇಳಿದ್ಳಂತೆ."

ಅವನು ನನ್ನ ಕಡೆ ತಿರುಗಿದ. ನಾನು ಆ ಮಗುವಿನ ಮುಂದೆ ಬಗ್ಗಿ, "ಅಮ್ಮ ಹಾಗೆ ಹೇಳಿಲ್ಲ ಕಂದಾ. ಅದು ನಾನು ಬರೆದದ್ದು," ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವ್ಯಾಕೆ ಬರೆದ್ರಿ?" ಎಂದಳು. ಸರೋವರಕ್ಕೆ ಹೋಗಲು ಎಂದು ಆರು ವರ್ಷದ ಮಗುವಿಗೆ ಹೇಗೆ ಹೇಳಲಿ?

ಅವರು ಹೋದಮೇಲೆ ಅಜ್ಜಿ ಬೆಂಚಿನ ಮೇಲೆ ಕೂತೇ ಇದ್ದರು. ಶಪಿಸುತ್ತಾರೆ ಎಂದುಕೊಂಡು ಹತ್ತಿರ ಹೋದೆ. ಆಕೆ ನನ್ನ ಸೆರಗು ಹಿಡಿದುಕೊಂಡರು. "ಹಾಗಾದ್ರೆ ನನ್ನ ಮಗಳು ಅವನ ಜೊತೆ ಸುಖವಾಗಿದ್ದಳಾ?" ಎಂದು ಕೇಳಿದರು. "ಇದ್ದಳು ಅಮ್ಮಾ," ಎಂದೆ. "ನಾಲ್ಕು ತಿಂಗಳಿಂದ ನಾನು ದೇವರ ಮುಂದೆ ಕೂತು ಅಳ್ತಿದೀನಿ," ಎಂದರು. "ಎಂಥವನ ಕೈಗೆ ಕೊಟ್ಟೆ, ನನಗೆ ಒಂದು ಮಾತೂ ಹೇಳದೆ ಸತ್ತಳಲ್ಲ ಅಂತ. ಉಳಿದ ಪತ್ರಗಳನ್ನ ಓದಿ ಹೇಳ್ತೀಯಾ?" ಈಗ ಪ್ರತಿ ಶನಿವಾರ ಹೋಗಿ ಓದಿ ಹೇಳುತ್ತೇನೆ. ಒಂದು ಪದ ತಡವರಿಸಿದರೂ ಆಕೆ ನನ್ನ ಮುಖ ನೋಡುತ್ತಾರೆ. ನನ್ನನ್ನು ಆಕೆ ನಂಬುವುದಿಲ್ಲ. ನಂಬಬಾರದು ಕೂಡ.

ಕಡತದ ಕೋಣೆಗೆ ಹೋಗುವ ಮೊದಲು ನಾನು ಮಾಡಿದ ಕೊನೆಯ ಕೆಲಸವೆಂದರೆ, ಕಿಟಕಿಯ ಪಕ್ಕದ ನಿಘಂಟಿನಲ್ಲಿ ಆ ಎರಡನೆಯ ಅರ್ಥದ ಪಕ್ಕ 'ಬೈಯುವವರ ಬಾಯಲ್ಲಿ ಮಾತ್ರ' ಎಂದು ಬರೆದದ್ದು. ಯಾರೋ ರಬ್ಬರಿನಿಂದ ಉಜ್ಜಿ ಹಾಕಿದ್ದಾರೆಂದು ಮೊನ್ನೆ ಗೊತ್ತಾಯಿತು. ಇರಲಿ.

ಪತ್ರ ಬಹಳ ಉದ್ದವಾಯಿತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ನಿನಗೆ ಅದು ಬೇಡ ಎಂದು ಗೊತ್ತು. ನೀನೂ ನಿನ್ನವಳೂ ಮಕ್ಕಳೂ ಚೆನ್ನಾಗಿರಿ. ಈ ಹಾರೈಕೆ ಯಾರ ಮೂಲಕವೂ ಅಲ್ಲ, ನನ್ನಿಂದ ನೇರವಾಗಿ ನಿನಗೆ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲೆಂದೇ ಮೇಲಿನದನ್ನೆಲ್ಲ ಬರೆದೆ.

ನೀನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆ ಊರಿನಿಂದ ನನಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಿದ್ದೆ. ಅಮ್ಮನಿಗೆ ತಿಳಿಯದಿರಲಿ ಎಂದೇ ಇಂಗ್ಲಿಷ್. 'ಅಕ್ಕ, ನಾನು ಏಥೀಸ್ಟ್ ಆಗಿದ್ದೇನೆ, ನೀನೇ ಸಮಯ ನೋಡಿ ಅಮ್ಮನಿಗೆ ಮೆಲ್ಲಗೆ ಹೇಳು' ಎಂದಿದ್ದೆ. ಪತ್ರ ಅಮ್ಮನ ಕೈಗೆ ಸಿಕ್ಕಿತು. ಬೆರಳಿಟ್ಟು, ಒಂದೊಂದೇ ಪದಕ್ಕೆ ಅರ್ಥ ಕೇಳಿದಳು. ಆ ಪದದ ಮೇಲೆ ಬೆರಳು ಬಂದಾಗ ನಾನು, 'ಹೆತ್ತವರು ಬೇಡ ಅನ್ನುವವನು' ಎಂದೆ.

ಅದು ತಿಳಿಯದೆ ಆಡಿದ ಮಾತಲ್ಲ, ಪುಟ್ಟ. ಕೆಂಪುಶಾಯಿಯವರಿಗೆ ಎರಡನೆಯ ಅರ್ಥವಾದರೂ ಇತ್ತು. ನಿನ್ನ ಪದಕ್ಕೆ ಇದ್ದದ್ದು ಒಂದೇ ಅರ್ಥ. ನೀನು ದೂರ ಹೋದರೂ ಅಮ್ಮ ದಿನಕ್ಕೆ ನಾಲ್ಕು ಸಲ ನಿನ್ನ ಹೆಸರನ್ನೇ ಹೇಳುತ್ತಿದ್ದಳು; ಪಕ್ಕದಲ್ಲಿ ಕೂತು ಅವಳ ಕಾಲೊತ್ತುತ್ತಿದ್ದವಳು ನಾನು. ಇನ್ನು ಬರಬೇಡ ಎಂದು ಅವಳು ಬರೆಸಿದ ಪತ್ರದಲ್ಲಿ ಕೈ ನನ್ನದು ಎಂದು ನಿನಗೆ ಗೊತ್ತು. ಕಾರಣವೂ ನನ್ನದೇ ಎಂದು ಗೊತ್ತಿರಲಿಲ್ಲ.

ಅಮ್ಮ ಕಣ್ಣುಮುಚ್ಚುವ ಎಂಟು ದಿನ ಮೊದಲು ಒಂದು ಮಧ್ಯಾಹ್ನ ನನ್ನನ್ನು ಕರೆದು, "ಆ ಪದಕ್ಕೆ ಬೇರೆ ಅರ್ಥ ಏನಾದ್ರೂ ಇದೆಯೇನೋ, ಪುಸ್ತಕದಲ್ಲಿ ನೋಡೇ," ಎಂದಳು. ನಾನು ಒಳಗೆ ಹೋಗಿ ನಿಘಂಟು ತಂದೆ. ಅವಳ ಹಾಸಿಗೆಯ ಮೇಲೆ ಕೂತು, ಅವಳು ನೋಡುತ್ತಿದ್ದ ಹಾಗೆಯೇ ಪುಟ ತಿರುವಿ, ಪದ ಹುಡುಕಿ, ಓದಿದೆ.

"ಇಲ್ಲಮ್ಮ," ಎಂದೆ.